ಜಮಾಖರ್ಚು ಸರಿ; ಕೆಲಸವೆಲ್ಲಿ?

ಸ್ಥಳೀಯ ಸಂಸ್ಥೆಗಳ ಯೋಗ್ಯತೆಯನ್ನು ಅಳೆಯಲು ನಮ್ಮಲ್ಲಿ ಎರಡು ಹುಸಿ ಅಳತೆಗೋಲುಗಳು ರೂಢವಾಗಿವೆ. ಖರ್ಚು ಕಡಿಮೆಯಾದರೆ ಅದನ್ನು ಮಿತವ್ಯಯವೆಂದು ಹೊಗಳುವುದು ಒಂದು. ರಸೀತಿಗಳು ಸರಿಯಾಗಿದ್ದರೆ ಕಾರಭಾರವೇ ಸರಿಯೆಂದು ನಂಬುವುದು ಮತ್ತೊಂದು. ಒಡೆದ ನೀರಿನ ಕೊಳವೆಯನ್ನು ದುರಸ್ತಿ ಮಾಡಿಸದ ಪಂಚಾಯತಿಯ ಖರ್ಚು ಕಡಿಮೆಯಾಗದೆ ಇನ್ನೇನಾದೀತು? ಆದರೆ ದೂರದಿಂದ ಕೊಡ ಹೊತ್ತು ತರುವ ಹೆಣ್ಣುಮಕ್ಕಳ ದುಡಿಮೆಯನ್ನು ಯಾವ ಖಾತೆಯಲ್ಲಿ ಬರೆಯೋಣ?

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಪಂಚಾಯತಿ ಪುರಸಭೆಗಳ ಲೆಕ್ಕ ತಪಾಸಣೆಗೆ ಅವುಗಳಲ್ಲಿ ಅವಕಾಶವುಂಟು. ಆದರೆ ಹಣವು ನಿಯಮದಂತೆ ವ್ಯಯವಾಯಿತೇ ಎಂಬ ಪ್ರಶ್ನೆ ಬೇರೆ. ಹಣಕ್ಕೆ ತಕ್ಕ ಕೆಲಸವು ಜನರಿಗೆ ದೊರೆಯಿತೇ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಮರೆಯುವುದು ಕರ ತೆರುವವನಿಗೆ ಬಗೆಯುವ ದ್ರೋಹವೇ ಸರಿ.

ಈ ಎರಡನೆಯ ಪ್ರಶ್ನೆಯನ್ನು ಇಂಗ್ಲೆಂಡು ಒಮ್ಮೆ ಕೇಳಿತ್ತು. ಅಲ್ಲಿ 1983ರಲ್ಲಿ ಕಾರ್ಯಾರಂಭಿಸಿದ ಆಡಿಟ್ ಕಮಿಷನ್ನು ಮಿತವ್ಯಯ, ದಕ್ಷತೆ, ಫಲಪ್ರಾಪ್ತಿ ಎಂಬ ಮೂರನ್ನೂ ಒರೆಗೆ ಹಚ್ಚಿತು. 2002ರಲ್ಲಿ ದೊಡ್ಡ ಕೌನ್ಸಿಲುಗಳಿಗೆ ಉತ್ತಮ, ಅಧಮವೆಂದು ದರ್ಜೆಯನ್ನೂ ಕೊಟ್ಟಿತು. ಆದರೆ ಆ ಅಳತೆಗೋಲು ರಾಜಧಾನಿಯ ಕೈಯಲ್ಲಿತ್ತು. ಸರಕಾರವು 2010ರಲ್ಲಿ ಅದನ್ನು ರದ್ದುಪಡಿಸುವುದಾಗಿ ಸಾರಿ 2015ರಲ್ಲಿ ಮುಚ್ಚಿಬಿಟ್ಟಿತು. ಆಮೇಲೆ ದಕ್ಷತೆಯ ಮಾತಿರಲಿ, ಲೆಕ್ಕದ ಮಾತೂ ಹಿಂದೆ ಬಿತ್ತು: 2022–23ನೆಯ ಸಾಲಿನ ತಪಾಸಣೆಗಳಲ್ಲಿ ಗಡುವಿನೊಳಗೆ ಮುಗಿದವು ನೂರಕ್ಕೆ ಒಂದರಷ್ಟು ಮಾತ್ರ!

ಇದರಿಂದ ನಾವು ಕಲಿಯತಕ್ಕದ್ದೇನು? ಮೇಲಿನವರು ಕೊಟ್ಟ ಅಳತೆಯನ್ನು ಮೇಲಿನವರೇ ಕಿತ್ತುಕೊಳ್ಳಬಲ್ಲರು. ಆದಕಾರಣ ಅದು ಊರವರ ಕೈಯಲ್ಲಿಯೇ ಇರಬೇಕು.

ಮಲೆನಾಡಿನ ರಸ್ತೆಗೂ ಬಯಲುಸೀಮೆಯ ರಸ್ತೆಗೂ ಹೋಲಿಕೆ ಹೇಗೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ನ್ಯಾಯವೇ. ಆದರೆ ಅದು ಸಮಾನ ಸ್ಥಿತಿಯ ಊರುಗಳನ್ನು ಪರಸ್ಪರ ಹೋಲಿಸಿರೆಂದು ಹೇಳುತ್ತದೆಯೇ ಹೊರತು ಅಳೆಯಲೇ ಬೇಡಿರೆಂದು ಹೇಳುವುದಿಲ್ಲ. ಮಲೆನಾಡಿನ ಪಂಚಾಯತಿಯು ನೆರೆಯ ಮಲೆನಾಡಿನ ಪಂಚಾಯತಿಯೊಡನೆ ತೂಗಲಿ. ಇಂದಿನ ಖರ್ಚು ಹೋದ ವರ್ಷದ ಖರ್ಚಿನೊಡನೆ ತೂಗಲಿ.

ಸಾವಿರ ಲೀಟರು ನೀರನ್ನು ಮನೆಗೆ ಮುಟ್ಟಿಸಲು ತಗಲಿದ ವೆಚ್ಚವೆಷ್ಟು, ನೀರು ಬಾರದ ದಿನಗಳೆಷ್ಟು, ಹಾಕಿದ ಬೀದಿದೀಪಗಳಲ್ಲಿ ಉರಿಯುತ್ತಿರುವವೆಷ್ಟು ಎಂಬುದನ್ನು ಪ್ರತಿಯೊಂದು ಪಂಚಾಯತಿಯೂ ತನ್ನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಲಿ. ವೆಚ್ಚ ಮತ್ತು ಫಲಗಳು ಒಂದೇ ಸಾಲಿನಲ್ಲಿ ನಿಂತಾಗ ಸೋರಿಕೆಯು ತಾನಾಗಿ ಕಣ್ಣಿಗೆ ಬೀಳುತ್ತದೆ.

ಅಕ್ಷರಬಲ್ಲ ಮಹನೀಯರೇ, ಉಪಾಧ್ಯಾಯ ಬಂಧುಗಳೇ! ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗುಂಟು. ಲೆಕ್ಕವನ್ನು ಓದಬಲ್ಲ ಶಕ್ತಿಯೂ ಉಂಟು. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿರಿ: ಒಂದು ಕೊಡ ನೀರಿಗೆ ನಮ್ಮ ಊರು ತೆತ್ತುದೆಷ್ಟು?