ಗ್ರೀಸ್ ನಮ್ಮದು, ಗಲ್ಲಾಪೆಟ್ಟಿಗೆ ಯಾರದು?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ನಮ್ಮ ಹುಡುಗರು ಸ್ವಂತ ಗ್ಯಾರೇಜು ಹಾಕೋ ವಿಷಯ ಇದು. ಚಳವಳಿಗೂ ಗ್ಯಾರೇಜಿಗೂ ಏನಣ್ಣ ಸಂಬಂಧ ಅಂತ ಕೇಳೋರು ಇದ್ದಾರೆ. ಅವರನ್ನೂ ಮನಸ್ಸಲ್ಲಿ ಇಟ್ಕೊಂಡೇ ಬರೀತಿದ್ದೀನಿ.

ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಗೆ ಹೋಗಿ ನೋಡಿ. ಸಾಲಾಗಿ ಗ್ಯಾರೇಜುಗಳು. ಇಂಜಿನ್ ಬಿಚ್ಚಿಕೊಂಡು ಕೂತಿರೋ ಹುಡುಗರನ್ನ ಮಾತಾಡಿಸಿ, ನಮ್ಮ ಕೇರಿಗಳ ಹುಡುಗರು ಸಿಕ್ಕೇ ಸಿಕ್ತಾರೆ. ಎಸ್ಸೆಸ್ಸೆಲ್ಸಿ ಫೇಲಾದ ವರ್ಷ ಬಂದು ಸೇರಿದವರು. ಮೊದಲ ವರ್ಷ ಟೀ ತರೋದು, ಕಸ ಗುಡಿಸೋದು, ಪಾರ್ಟುಗಳನ್ನ ಪೆಟ್ರೋಲಲ್ಲಿ ತೊಳೆಯೋದು. ಎರಡನೇ ವರ್ಷ ಪಂಕ್ಚರ್, ಬ್ರೇಕ್ ಶೂ, ಚೈನು. ಐದನೇ ವರ್ಷಕ್ಕೆ ಇಂಜಿನ್ ಸದ್ದು ಕೇಳಿಯೇ ಟೈಮಿಂಗ್ ಚೈನ್ ಲೂಸಾಗಿದೆಯೋ, ಪಿಸ್ಟನ್ ಹೊಡೀತಿದೆಯೋ ಹೇಳ್ತಾನೆ. ಹತ್ತನೇ ವರ್ಷಕ್ಕೂ ಬಿಚ್ಚೋನು ಅವನೇ, ಜೋಡಿಸೋನು ಅವನೇ. ಆದರೆ ಬೋರ್ಡಿನ ಮೇಲೆ ಹೆಸರು ಬೇರೆಯವರದು, ಗಲ್ಲಾದಲ್ಲಿ ಕೂರೋನು ಬೇರೆಯವನು. ಶನಿವಾರ ಸಂಜೆ ಬಟವಾಡೆಗೆ ಕೈ ಚಾಚೋನು ಮಾತ್ರ ನಮ್ಮವನು.

ಇದು ಹೊಸ ಕಥೆ ಏನಲ್ಲ. 1938ರ ಫೆಬ್ರುವರಿಯಲ್ಲಿ ಮನ್ಮಾಡದಲ್ಲಿ ಜಿಐಪಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ ನಡೀತು. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಅಂತ ಬಾಬಾಸಾಹೇಬರು ಅಲ್ಲಿ ಹೇಳಿದ್ದು ನಮಗೆಲ್ಲ ಬಾಯಿಪಾಠ. ಅದೇ ಭಾಷಣದಲ್ಲಿ ಅವರು ರೈಲ್ವೆ ವರ್ಕ್‌ಶಾಪಿನ ಬಗ್ಗೆ ಹೇಳಿದ್ದನ್ನ ಮಾತ್ರ ಯಾರೂ ವೇದಿಕೆ ಮೇಲೆ ಎತ್ತಲ್ಲ. ಹಳಿ ಕೆಲಸಕ್ಕೆ ಸೇರಿದ ನಮ್ಮ ಗ್ಯಾಂಗ್‌ಮನ್‌ಗೆ ಮೇಲೆ ಹೋಗೋ ದಾರಿ ಇಲ್ಲ. ಪೋರ್ಟರ್ ಕೆಲಸವೂ ಸಿಗಲ್ಲ, ಯಾಕಂದ್ರೆ ಪೋರ್ಟರು ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕಿತ್ತು. ವರ್ಕ್‌ಶಾಪಿನಲ್ಲಂತೂ ನಮ್ಮವನು ಮೆಕ್ಯಾನಿಕ್ಕೋ, ಮೇಸ್ತ್ರಿಯೋ, ಫೋರ್‌ಮನ್ನೋ ಆಗೋದು ತೀರಾ ಅಪರೂಪ. ಇಷ್ಟನ್ನೂ ಅವರು ಆವತ್ತೇ ಲೆಕ್ಕ ಹಾಕಿ ಹೇಳಿದ್ದರು. ಅಂದರೆ ಪಾನಾ ಯಾರ ಕೈಯಲ್ಲಿದೆ ಅನ್ನೋದು ಬಾಬಾಸಾಹೇಬರಿಗೆ ರಾಜಕೀಯ ಪ್ರಶ್ನೆಯಾಗಿತ್ತು. ಈಗ ಪಾನಾ ಕೈಗೆ ಬಂದಿದೆ, ಅಂಗಡಿ ಬಂದಿಲ್ಲ. ನಾವು ಆ ಪ್ರಶ್ನೆಯನ್ನ ಅರ್ಧದಲ್ಲೇ ಕೈಬಿಟ್ಟಿದ್ದೀವಿ.

ಈ ವಿಷಯ ಎತ್ತಿದರೆ ಸಾಕು, ನಮ್ಮಲ್ಲೇ ಎರಡು ಗುಂಪು ಎದ್ದು ನಿಲ್ತವೆ. ಒಂದು ಗುಂಪಿನ ಸಂಗಾತಿಗಳು "ಇದೆಲ್ಲ ದಲಿತ ಬಂಡವಾಳಶಾಹಿ, ಮಾರುಕಟ್ಟೆ ನಮ್ಮನ್ನ ಬಿಡುಗಡೆ ಮಾಡಲ್ಲ" ಅಂತಾರೆ. ಇನ್ನೊಂದು ಗುಂಪು "ಬಿಸಿನೆಸ್ ಮಾಡಿ ದುಡ್ಡು ಮಾಡ್ಕೊಳ್ಳಿ, ಜಾತಿ ತಾನಾಗೇ ಹೋಗುತ್ತೆ" ಅನ್ನುತ್ತೆ. ಮೊದಲನೆಯವರಿಗೆ ನನ್ನ ಪ್ರಶ್ನೆ ಒಂದೇ: ಸ್ಟ್ಯಾಂಡ್ ಹಾಕಿದ ಒಂದು ಬೈಕಿನ ಮುಂದೆ ಕೂತು, ತನ್ನ ದುಡಿಮೆಯ ದುಡ್ಡು ತನ್ನ ಜೇಬಿಗೇ ಬರಲಿ ಅನ್ನೋ ಹುಡುಗನನ್ನ ಬಂಡವಾಳಗಾರ ಅಂತ ಯಾವ ಬಾಯಲ್ಲಿ ಕರೀತೀರಿ? ನೀವು ಸಂಬಳ ತಗೊಂಡು ಹೋರಾಟ ಮಾಡಬಹುದು, ಅವನು ಹತ್ತು ವರ್ಷ ಹೆಲ್ಪರ್ ಆಗಿದ್ದುಕೊಂಡೇ ಮಾಡಬೇಕಾ? ಎರಡನೆಯವರಿಗೆ ಹೇಳೋದು ಇಷ್ಟು: ಅಂಗಡಿ ಹಾಕಿ ನೋಡಿ, ಜಾತಿ ಎಲ್ಲೆಲ್ಲಿ ಕೂತಿದೆ ಅಂತ ಆವಾಗ ಗೊತ್ತಾಗುತ್ತೆ.

ಮೊದಲು ಕೂತಿರೋದು ಮಳಿಗೆಯಲ್ಲಿ. ಗ್ಯಾರೇಜಿಗೆ ರಸ್ತೆ ಬದಿ ಜಾಗ ಬೇಕು. ರಸ್ತೆ ಬದಿ ಜಾಗ ಯಾರದು ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಕೇರಿ ಇರೋದು ಊರಿನ ಆ ತುದಿಗೆ. ಬಾಡಿಗೆಗೆ ಕೇಳೋಕೆ ಹೋದರೆ ಮೊದಲು "ಯಾವೂರಪ್ಪ?", ಆಮೇಲೆ "ಯಾರ ಪೈಕಿ?". ಆಮೇಲೆ ಅದೇ ಹಳೇ ಮಾತು: "ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಿ." ಒಂದು ತಿಂಗಳು ಬಿಟ್ಟು ಹೋಗಿ ನೋಡಿ, ಶಟರ್ ಹಾಗೇ ಎಳೆದಿರುತ್ತೆ. ಬೆಂಗಳೂರಲ್ಲಿ ಜಾತಿ ಬಾಯಿಬಿಟ್ಟು ಕೇಳಲ್ಲ, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳ್ತಾರೆ. ಅಪ್ಪನಿಂದ ಬಂದ ಆಸ್ತಿ ಇಲ್ಲದವನಿಗೆ ಎರಡೂ ಒಂದೇ.

ಎರಡನೆಯದು ಬ್ಯಾಂಕು. ಕಾಗದದ ಮೇಲೆ ಯೋಜನೆಗಳಿಗೆ ಬರ ಇಲ್ಲ. ಪಿಎಂಇಜಿಪಿಯಲ್ಲಿ ಎಸ್‌ಸಿ, ಎಸ್‌ಟಿ ಅರ್ಜಿದಾರ ಕೈಯಿಂದ ಹಾಕಬೇಕಾದ್ದು ಯೋಜನಾ ವೆಚ್ಚದ ಶೇ 5 ಮಾತ್ರ. ಸಹಾಯಧನ ಹಳ್ಳಿಯಲ್ಲಿ ಶೇ 35, ಪಟ್ಟಣದಲ್ಲಿ ಶೇ 25. ಗ್ಯಾರೇಜಿನಂಥ ಸೇವಾ ಘಟಕಕ್ಕೆ 20 ಲಕ್ಷದವರೆಗೂ ಯೋಜನೆ ಹಾಕಬಹುದು. 5 ಲಕ್ಷ ದಾಟಿದರೆ ಎಂಟನೇ ಕ್ಲಾಸು ಪಾಸಾಗಿರಬೇಕು. ಆದರೆ ಒಂದು ಮಾತು ನೆನಪಿಡಿ, ಸಹಾಯಧನ ಕೈಗೆ ಸಿಗೋ ದುಡ್ಡಲ್ಲ. ಅದು ಮೂರು ವರ್ಷ ಬ್ಯಾಂಕಲ್ಲೇ ಠೇವಣಿಯಾಗಿ ಕೂತಿರುತ್ತೆ, ಆಮೇಲೆ ಸಾಲಕ್ಕೆ ವಜಾ ಆಗುತ್ತೆ. "ಸಬ್ಸಿಡಿ ಕೈಗೆ ಕೊಡಿಸ್ತೀನಿ" ಅನ್ನೋ ಬ್ರೋಕರ್ ಸಿಕ್ಕರೆ ಅವನ ಹತ್ತಿರ ಹೋಗಲೇಬೇಡಿ. ಹಾಗೇ ಇದು ಹೊಸ ಘಟಕಕ್ಕೆ ಮಾತ್ರ. ಮೊದಲು ಅಂಗಡಿ ತೆಗೆದು ಆಮೇಲೆ ಅರ್ಜಿ ಹಾಕಿದರೆ ಕೆಲಸ ಕೆಟ್ಟಂಗೇ.

ಇನ್ನು ಮುದ್ರಾ. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಸಣ್ಣ ಉದ್ದಿಮೆಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ಆದೇಶವೇ ಇದೆ. ಒಬ್ಬ ಹುಡುಗನ ಜೊತೆ ನಾನೇ ಒಂದು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ "ಜಮೀನು ಎಷ್ಟಿದೆ?" ಎರಡನೇ ಪ್ರಶ್ನೆ "ಜಾಮೀನು ಯಾರು ಹಾಕ್ತಾರೆ?" ಎಂಟು ವರ್ಷ ಇಂಜಿನ್ ಕೆಲಸ ಮಾಡಿದ್ದೀಯಲ್ಲ, ದಿನಕ್ಕೆ ಎಷ್ಟು ಗಾಡಿ ಮುಗಿಸ್ತೀಯ ಅಂತ ಕೊನೆವರೆಗೂ ಕೇಳಲೇ ಇಲ್ಲ. ಅವನ ಕೈಗೆ ಬೆಲೆ ಇಲ್ಲ, ಪಹಣಿಗೆ ಬೆಲೆ. ಭೂಮಿಯಿಂದ ನಮ್ಮನ್ನ ಹೊರಗಿಟ್ಟವರೇ ಈಗ ಭೂಮಿ ಇಲ್ಲ ಅಂತ ಸಾಲದಿಂದಲೂ ಹೊರಗಿಡ್ತಾರೆ. 2016ರಲ್ಲಿ ದೊಡ್ಡ ಸದ್ದು ಮಾಡ್ಕೊಂಡು ಬಂತಲ್ಲ ಸ್ಟ್ಯಾಂಡ್ ಅಪ್ ಇಂಡಿಯಾ, ಪ್ರತಿ ಬ್ಯಾಂಕ್ ಶಾಖೆ ಒಬ್ಬ ಎಸ್‌ಸಿ ಅಥವಾ ಎಸ್‌ಟಿಗೆ ಸಾಲ ಕೊಡಬೇಕು ಅಂತ. ಅದರ ಸಾಲ ಶುರುವಾಗ್ತಿದ್ದದ್ದೇ 10 ಲಕ್ಷದಿಂದ. ಮೂರು ಲಕ್ಷದಲ್ಲಿ ಟೂ ವೀಲರ್ ಗ್ಯಾರೇಜು ಹಾಕೋಕೆ ಹೊರಟವನಿಗೆ ಅದು ಯಾವ ಮೂಲೆಗೆ?

ಮೂರನೆಯದು ಗಿರಾಕಿ. ಇದು ವಿಚಿತ್ರ. ನಮ್ಮವನು ಬೇರೆಯವರ ಗ್ಯಾರೇಜಲ್ಲಿ ಕೆಲಸಗಾರ ಆಗಿರೋವರೆಗೂ ಅವನು ಗಾಡಿ ಮುಟ್ಟಬಹುದು, ಹಬ್ಬದ ದಿನ ಮನೆ ಹತ್ತಿರ ಹೋಗಿ ಗಾಡಿ ರಿಪೇರಿ ಮಾಡಿಕೊಡಬಹುದು, ಹೊಸಿಲು ಮಾತ್ರ ದಾಟಬಾರದು. ಅದೇ ಹುಡುಗ ಸ್ವಂತ ಅಂಗಡಿ ತೆಗೆದು, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದ ತಕ್ಷಣ "ಅವನ ಕೆಲಸ ಯಾಕೋ ಸರಿ ಇಲ್ಲ" ಅನ್ನೋ ಮಾತು ಹಬ್ಬುತ್ತೆ. ಕೈ ಅದೇ, ಪಾನಾ ಅದೇ. ಬದಲಾಗಿದ್ದು ಅವನು ಕೂತ ಕುರ್ಚಿ. ಕೆಲವರು ಇದಕ್ಕೆ ಹೆದರಿ ಫೋಟೋ ಒಳಗಿನ ಗೋಡೆಗೆ ಹಾಕ್ತಾರೆ, ಬೋರ್ಡಿಗೆ ಯಾವುದೋ ದೇವರ ಹೆಸರು ಬರೆಸ್ತಾರೆ. ಅವರನ್ನ ಹೇಡಿಗಳು ಅಂತ ನಾನು ಬೈಯಲ್ಲ. ತಿಂಗಳ ಕಂತು ಕಟ್ಟಬೇಕಾದವನ ಸಂಕಟ ಅದು.

ಕಾನೂನು ನಮ್ಮ ಜೊತೆ ಇದೆ, ತಿಳ್ಕೊಳ್ಳಿ. ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಮೇಲೆ, ಬೇರೆಯವರು ಮಾಡಬಹುದಾದ ಕಸುಬು, ವ್ಯಾಪಾರವನ್ನ ನಮ್ಮವರು ಮಾಡದಂತೆ ತಡೆದರೆ ಅದು ಅಪರಾಧ. ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಬೆದರಿಸೋದು ಕೂಡ ಅಪರಾಧ. ದೌರ್ಜನ್ಯ ಅಂದರೆ ಹೊಡೆದು ರಕ್ತ ಬರಿಸಿದ್ದು ಮಾತ್ರ ಅಂತ ಇನ್ನೂ ಅಂದ್ಕೊಂಡಿದ್ದೀವಿ. "ಅವನ ಅಂಗಡಿಗೆ ಯಾರೂ ಹೋಗಬೇಡಿ" ಅಂತ ಊರಲ್ಲಿ ಸಾರಿದರೆ ಅದೂ ದೌರ್ಜನ್ಯವೇ.

ಈಗ ತಮ್ಮಂದಿರಿಗೆ ನೇರವಾಗಿ ಎರಡು ಮಾತು. ಕಸುಬು ಬದಲಾಗ್ತಿದೆ ಕಣ್ರೋ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂತು, ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಕೂತಿದೆ. ಕಿವಿಯ ಜೊತೆ ಸ್ಕ್ಯಾನರ್ ಬೇಕು, ಸೆನ್ಸರ್ ಓದೋದು ಗೊತ್ತಿರಬೇಕು. ಎಲೆಕ್ಟ್ರಿಕ್ ಗಾಡಿ ಹೆಚ್ಚಿದಷ್ಟೂ ಬೋರ್ ಕೆಲಸ, ಕ್ಲಚ್ ಪ್ಲೇಟು ಕಮ್ಮಿಯಾಗುತ್ತೆ. ವೈರಿಂಗು, ಬ್ಯಾಟರಿ, ಕಂಟ್ರೋಲರ್ ಕೆಲಸ ಜಾಸ್ತಿಯಾಗುತ್ತೆ. ಬಾಗಿಲು ಈಗ ತೆರೆದಿದೆ. ಇವತ್ತು ಕಲಿಯದಿದ್ದರೆ ಇನ್ನೊಂದು ತಲೆಮಾರು ಪಾರ್ಟು ತೊಳೀತಾ ಕೂರಬೇಕಾಗುತ್ತೆ.

ಇನ್ನು "ಮಾಡಿಫೈ" ಹುಚ್ಚು. ಸ್ಪೀಡು, ಸೌಂಡು, ಅದರಲ್ಲಿ ದುಡ್ಡಿದೆ ಅಂತ ತುಂಬಾ ಜನ ಕೇಳ್ತೀರಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿಯಾದ ಮೇಲೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು. ಪೊಲೀಸರು ಸೈಲೆನ್ಸರ್‌ಗಳನ್ನ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸೋದನ್ನ ನೋಡಿದ್ದೀರಲ್ಲ? ಅದೇ ಸೈಲೆನ್ಸರ್ ದೊಡ್ಡವರ ಮಗನ ಬೈಕಲ್ಲಿದ್ದರೆ ಫೋನ್ ಕರೆಯಲ್ಲಿ ಮುಗಿಯುತ್ತೆ, ಫಿಟ್ ಮಾಡಿಕೊಟ್ಟ ನಮ್ಮ ಹುಡುಗನ ಅಂಗಡಿ ಮುಂದೆ ಜೀಪು ನಿಲ್ಲುತ್ತೆ. ನಿಜವಾದ ಪರ್ಫಾರ್ಮೆನ್ಸ್ ಕೆಲಸ ಬೇರೆ ಇದೆ: ಸಸ್ಪೆನ್ಷನ್ ಸರಿ ಕೂರಿಸೋದು, ಬ್ರೇಕು, ವೀಲ್ ಅಲೈನ್‌ಮೆಂಟ್, ಸುಸ್ತಾದ ಇಂಜಿನ್ನಿಗೆ ಮತ್ತೆ ಹೊಸ ಗಾಡಿಯ ಎಳೆತ ತರೋದು, ರ‍್ಯಾಲಿ ಮತ್ತು ಟ್ರ್ಯಾಕಿನಲ್ಲಿ ಮಾತ್ರ ಓಡೋ ಗಾಡಿ ತಯಾರು ಮಾಡೋದು. ಇದಕ್ಕೆ ಓದು ಬೇಕು, ತಾಳ್ಮೆ ಬೇಕು. ಸಂಪಾದನೆಯೂ ಇದೆ, ಮರ್ಯಾದೆಯೂ ಇದೆ.

ಅಂಗಡಿ ತೆಗೆಯೋ ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಫೀಸಿಲ್ಲ. ಪಂಚಾಯಿತಿಯದೋ ಪುರಸಭೆಯದೋ ಲೈಸೆನ್ಸ್ ತಗೊಳ್ಳಿ. ಬಳಸಿದ ಆಯಿಲ್ ಚರಂಡಿಗೆ ಸುರಿಯಬೇಡಿ, ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿ ಕೊನೆಗೆ ಬಂದು ಸೇರೋದೂ ನಮ್ಮ ಕೇರಿಗೇ. ಉದ್ರಿ ಪುಸ್ತಕ ತೆಗೆಯಲೇಬೇಡಿ. ಮೊದಲ ವರ್ಷ ಗ್ಯಾರೇಜುಗಳನ್ನ ಮುಳುಗಿಸೋದು ಇದೇ ಉದ್ರಿ.

ಸರ್ಕಾರಕ್ಕೆ ಕೇಳೋದೂ ಇದೆ. ಟ್ಯಾಕ್ಸಿ, ಗೂಡ್ಸ್ ಗಾಡಿ ಕೊಳ್ಳೋಕೆ ನಮ್ಮ ನಿಗಮಗಳು ಸಹಾಯಧನ ಕೊಡ್ತಾ ಬಂದಿವೆ, ಸಂತೋಷ. ಆ ಗಾಡಿ ಕೆಟ್ಟಾಗ ರಿಪೇರಿ ದುಡ್ಡು ಯಾರ ಗಲ್ಲಾಕ್ಕೆ ಹೋಗ್ತಿದೆ? ಡ್ರೈವರ್ ಮಾಡೋಕೆ ಯೋಜನೆ ಇದೆ, ವರ್ಕ್‌ಶಾಪ್ ಮಾಲೀಕನನ್ನ ಮಾಡೋಕೆ ಯಾಕಿಲ್ಲ? ರಾಜ್ಯದಲ್ಲಿ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ದುಡ್ಡು ಬೇರೆ ಕಡೆ ಹರಿಯೋದನ್ನ ಪ್ರತಿ ಬಜೆಟ್ಟಲ್ಲೂ ನೋಡ್ತಾ ಬಂದಿದ್ದೀವಿ. ನಮ್ಮ ಬೇಡಿಕೆ ಸ್ಪಷ್ಟ ಇರಲಿ: ಪ್ರತಿ ತಾಲ್ಲೂಕಿನಲ್ಲಿ ನಿಗಮವೇ ರಸ್ತೆ ಬದಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡಲಿ. ಐಟಿಐ ಸರ್ಟಿಫಿಕೇಟ್ ಇಲ್ಲದ ಅನುಭವಿಗಳ ಕೈ ಕೆಲಸ ಪರೀಕ್ಷಿಸಿ ಪ್ರಮಾಣಪತ್ರ ಕೊಡಲಿ. ತಾಲ್ಲೂಕು ಕಚೇರಿಗಳ ಸರ್ಕಾರಿ ಜೀಪುಗಳ ರಿಪೇರಿಯಲ್ಲಿ ನಮ್ಮ ಗ್ಯಾರೇಜುಗಳಿಗೆ ಪಾಲು ಇಡಲಿ. ಕೇಂದ್ರದ ಖರೀದಿ ನೀತಿಯಲ್ಲಿ ಎಸ್‌ಸಿ, ಎಸ್‌ಟಿ ಉದ್ದಿಮೆಗಳಿಗೆ ಶೇ 4 ಇದೆ. ಅದು ತಾಲ್ಲೂಕಿನ ಗ್ಯಾರೇಜಿನವರೆಗೂ ಇಳಿದು ಬರಲಿ.

ಕೊನೇದಾಗಿ ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಏಪ್ರಿಲ್ 14ಕ್ಕೆ ನೂರಾರು ಬೈಕ್ ರ‍್ಯಾಲಿ ತೆಗೀತೀವಲ್ಲ, ಆ ಬೈಕುಗಳಲ್ಲಿ ಎಷ್ಟು ನಮ್ಮ ಹುಡುಗರ ಗ್ಯಾರೇಜಲ್ಲಿ ಸರ್ವಿಸ್ ಆಗಿವೆ? "ನಮ್ಮ ಹುಡುಗ ತಾನೆ" ಅಂತ ಹೋಗಿ ದುಡ್ಡು ಕೊಡದೆ ಬರೋದು ನಿಲ್ಲಿಸೋಣ. ಹೋಗಿ, ಬಿಲ್ಲು ಕೇಳಿ, ಪೂರ್ತಿ ಕೊಟ್ಟು ಬನ್ನಿ. ಸಂಘಟನೆಯ ತಾಲ್ಲೂಕು ಸಮಿತಿಗಳು ಸಾಲದ ಅರ್ಜಿ ಹಿಡಿದ ಹುಡುಗನ ಜೊತೆ ನಾಲ್ಕು ಜನ ಬ್ಯಾಂಕಿಗೆ ಹೋಗಲಿ. ಅರ್ಜಿ ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಲಿ. ಮಳಿಗೆ ಸಿಗದ ಕಡೆ ಮಾತಾಡೋಕೆ ಹಿರಿಯರು ನಿಲ್ಲಲಿ. ಇದೂ ಧರಣಿಯಷ್ಟೇ ಹೋರಾಟ.

ಸ್ವಂತ ಗ್ಯಾರೇಜು ಇರೋ ತಮ್ಮಂದಿರು, ಈಗ ತೆಗೆಯೋ ಆಸೆ ಇರೋರು, ಕಾಮೆಂಟಲ್ಲಿ ಊರು, ತಾಲ್ಲೂಕು ಬರೀರಿ. ಹತ್ತಿರದವರು ಒಬ್ಬರಿಗೊಬ್ಬರು ಪರಿಚಯ ಆಗಲಿ. ನಾಳೆಯ ಸರ್ವಿಸ್ ಅಲ್ಲಿಂದಲೇ ಶುರು ಮಾಡೋಣ.

ಜೈಭೀಮ್.