ಒಂದು ಒರೆ, ಎರಡು ಕತ್ತಿ

ವಠಾರದ ಬಾಳನ್ನು ಕಂಡವರಿಗೆ ಗಣಕಯಂತ್ರದೊಳಗಿನ ಈ ವ್ಯಾಜ್ಯ ಹೊಸದೆನಿಸಲಾರದು. ಒಂದೇ ಹೆಬ್ಬಾಗಿಲು, ಒಂದೇ ಬಾವಿ. ಒಳಗೆ ಹತ್ತು ಸಂಸಾರ. ಒಡೆಯನೊಬ್ಬನೇ ಇರುವವರೆಗೆ ನೀರಿನ ಸರದಿಯೂ ಬಾಗಿಲಿನ ಬೀಗವೂ ಸುಸೂತ್ರ. ಒಡೆತನಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿದ ದಿನ ಬಾವಿಯ ಹಗ್ಗವೇ ಮೊದಲು ಮಾಯವಾಗುತ್ತದೆ.

ಒಂದು ಯಂತ್ರದೊಳಗೆ ಹಲವು ಯಂತ್ರಗಳನ್ನು ಸಂಸಾರ ಹೂಡಿಸುವ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯು 1960ರ ದಶಕದಲ್ಲಿಯೇ ಅದನ್ನು ಸಾಧಿಸಿ, 1972ರಲ್ಲಿ ‘ವಿ.ಎಂ./370’ ಎಂಬ ಹೆಸರಿನಿಂದ ಗ್ರಾಹಕರಿಗೆ ನೀಡಿತು. ಯಂತ್ರ ಒಂದು, ಬಳಸುವವರು ಅನೇಕರು. ಒಬ್ಬೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂಬ ಭಾವನೆಯನ್ನು ಮೂಡಿಸುವುದೇ ಇದರ ಗುಟ್ಟು. ಹೀಗೆ ತೋರುವ ಯಂತ್ರಕ್ಕೆ ‘ವರ್ಚುವಲ್ ಮೆಷಿನ್’ ಎಂದೂ, ಇವನ್ನು ಆಳುವ ತಂತ್ರಾಂಶಕ್ಕೆ ‘ಹೈಪರ್‌ವೈಸರ್’ ಎಂದೂ ಹೆಸರು. 1999ರಲ್ಲಿ ವಿ.ಎಂ.ವೇರ್ ಸಂಸ್ಥೆ ಈ ವಿದ್ಯೆಯನ್ನು ಮೇಜಿನ ಮೇಲಿನ ಸಾಮಾನ್ಯ ಯಂತ್ರಕ್ಕೆ ತಂದಿತು.

ಆದರೆ ಆ ಸಾಮಾನ್ಯ ಯಂತ್ರದ ಪ್ರೊಸೆಸರು ಇಂಥ ಬಾಳುವೆಗೆಂದು ಕಟ್ಟಿದುದಾಗಿರಲಿಲ್ಲ. ಆ ಕೊರತೆಯನ್ನು 2005ರಲ್ಲಿ ಇಂಟೆಲ್ ‘ವಿ.ಟಿ.-ಎಕ್ಸ್’ ಎಂಬ ಸೌಕರ್ಯದಿಂದ ನೀಗಿಸಿತು, ಮರುವರ್ಷ ಎ.ಎಂ.ಡಿ. ತನ್ನದನ್ನು ತಂದಿತು. ಅತಿಥಿಗಳ ಕಾರ್ಯಾಚರಣ ವ್ಯವಸ್ಥೆಗಳಿಗಿಂತಲೂ ಮೇಲಾದ ಒಂದು ಪೀಠ ಹೀಗೆ ನಿರ್ಮಾಣವಾಯಿತು. ‘ವಿ.ಎಂ.ಎಕ್ಸ್.ಆನ್’ ಎಂಬ ಆಜ್ಞೆಯಿಂದ ಹೈಪರ್‌ವೈಸರ್ ಅದನ್ನು ಏರುತ್ತದೆ. ಒಂದು ಏರಿರುವಾಗಲೇ ಇನ್ನೊಂದು ಅದೇ ಆಜ್ಞೆಯನ್ನು ನೀಡಿದರೆ ಪ್ರೊಸೆಸರು ನಿರಾಕರಿಸುತ್ತದೆ. ಪೀಠವನ್ನು ಹಂಚಿಕೊಡುವ ನ್ಯಾಯಸ್ಥಾನ ಅದರಲ್ಲಿಲ್ಲ.

ಜಗಳದ ಮೂಲ ಇದೇ. ಲಿನಕ್ಸ್‌ನಲ್ಲಿ 2007ರಿಂದ ‘ಕೆ.ವಿ.ಎಂ.’ ಎಂಬ ಹೈಪರ್‌ವೈಸರ್ ಸೇರಿಕೊಂಡಿದೆ. ಮೊದಲು ಅದು ತನ್ನ ಅತಿಥಿ ಯಂತ್ರ ಓಡುವಾಗ ಮಾತ್ರ ಪೀಠವೇರುತ್ತಿತ್ತು. ಉಳಿದ ವೇಳೆಯಲ್ಲಿ ವರ್ಚುವಲ್‌ಬಾಕ್ಸ್ ನಿರಾತಂಕವಾಗಿ ನಡೆಯುತ್ತಿತ್ತು. 2024ರ ನವೆಂಬರಿನಲ್ಲಿ ಬಂದ ಲಿನಕ್ಸ್ 6.12ರಲ್ಲಿ ಕೆ.ವಿ.ಎಂ. ತಾನು ಒಳಬಂದೊಡನೆಯೇ ಪೀಠವನ್ನು ಹಿಡಿಯುವಂತಾಯಿತು. ನೆನ್ನೆ ಓಡಿದ ಅತಿಥಿ ಯಂತ್ರ ಇಂದು ಮೇಲೇಳದೆ ಅನೇಕರು ದಿಗ್ಭ್ರಮೆಗೊಂಡರು. ಕೆ.ವಿ.ಎಂ. ಅನ್ನು ಇಳಿಸುವುದು, ಇಲ್ಲವೇ ಅದರ ಹಳೆಯ ನಡತೆಯನ್ನೇ ಮರಳಿ ಆರಿಸುವುದು, ಇದಕ್ಕೆ ಪರಿಹಾರ.

ವಿಂಡೋಸ್‌ನ ಕಥೆ ಇನ್ನೂ ಸೂಕ್ಷ್ಮ. 2012ರ ವಿಂಡೋಸ್ 8ರೊಡನೆ ಮನೆಯ ಯಂತ್ರಗಳಿಗೂ ಬಂದ ‘ಹೈಪರ್-ವಿ’ ಅಡಿಪಾಯದಲ್ಲಿಯೇ ನೆಲಸುತ್ತದೆ. ಅದು ಎದ್ದಾಗ ವಿಂಡೋಸ್ ತಾನೇ ಅದರ ಬಾಡಿಗೆದಾರನಾಗುತ್ತದೆ. ಬಹುಕಾಲ ಕಾದಾಡಿದ ಮೇಲೆ ಸಂಧಿಯಾಯಿತು. 2018ರಲ್ಲಿ ವರ್ಚುವಲ್‌ಬಾಕ್ಸ್, 2020ರಲ್ಲಿ ವಿ.ಎಂ.ವೇರ್, ಹೈಪರ್-ವಿ ಕೈಕೆಳಗೆ ನಡೆಯಲು ಒಪ್ಪಿಕೊಂಡವು. ಶಾಂತಿಯೇನೋ ಲಭಿಸಿತು, ವೇಗ ಕುಗ್ಗಿತು. ಆಗ ವರ್ಚುವಲ್‌ಬಾಕ್ಸ್ ತನ್ನ ಕಿಟಕಿಯ ಅಂಚಿನಲ್ಲಿ ಪುಟ್ಟದೊಂದು ಆಮೆಯ ಚಿತ್ರವನ್ನು ತೋರಿಸುತ್ತದೆ!

ಇದರಿಂದ ಸಂಸಾರಸ್ಥರಿಗೇನು ಎಂದು ವಾಚಕರು ಕೇಳಬಹುದು. ವಿಂಡೋಸ್ 11 ಇರುವ ಅನೇಕ ಹೊಸ ಯಂತ್ರಗಳಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಮೊದಲಿನಿಂದಲೇ ಜಾಗೃತವಾಗಿರುತ್ತದೆ. ವ್ಯವಸ್ಥೆಯ ತಿರುಳಿನೊಳಗೆ ನಂಬಲಾಗದ ತಂತ್ರಾಂಶ ನುಸುಳದಂತೆ ನೋಡಿಕೊಳ್ಳುವ ಈ ಕಾವಲುಗಾರ ನಿಂತಿರುವುದು ಆ ಹೈಪರ್‌ವೈಸರಿನ ಆಸರೆಯಲ್ಲಿಯೇ. ಮಗನಿಗೆ ಕಾಲೇಜಿನ ಅಭ್ಯಾಸಕ್ಕೆ ಲಿನಕ್ಸ್ ಬೇಕು; ಅದೇ ಯಂತ್ರದಲ್ಲಿ ತಂದೆಯ ಬ್ಯಾಂಕಿನ ವ್ಯವಹಾರ. ಆಮೆಯ ನಡಿಗೆಗೆ ಬೇಸತ್ತ ಮಗನಿಗೆ ಗೆಳೆಯನ ಸಲಹೆ ದೊರೆಯುತ್ತದೆ: “ಆ ಕಾವಲನ್ನು ತೆಗೆದುಬಿಡು.” ತೆಗೆದೊಡನೆ ಕೆಲಸ ಚುರುಕಾಗುತ್ತದೆ, ಅಭ್ಯಾಸ ಮುಗಿಯುತ್ತದೆ, ಕಾವಲಿನ ನೆನಪು ಅಳಿಯುತ್ತದೆ. ತಂದೆಯಾದರೋ ಎಂದಿನಂತೆ ತಿಂಗಳ ಲೆಕ್ಕಕ್ಕೆ ಕೂರುತ್ತಾನೆ.

ಒಂದೇ ಹೈಪರ್‌ವೈಸರನ್ನು ಆರಿಸಿಕೊಂಡು ಎಲ್ಲ ಅತಿಥಿಗಳನ್ನೂ ಅದರ ಆಶ್ರಯದಲ್ಲಿಡುವುದು ಲೇಸು. ವೇಗಕ್ಕಾಗಿ ಕಾವಲನ್ನು ಸರಿಸಲೇಬೇಕಾದರೆ ಮನೆಯವರಿಗೆ ತಿಳಿಸಿ ಸರಿಸಬೇಕು. ಹೆಬ್ಬಾಗಿಲಿನ ಅಗುಳಿಯನ್ನು ತೆಗೆದವನೇ ರಾತ್ರಿ ಮಲಗುವ ಮುನ್ನ ಅದನ್ನು ಹಾಕಬೇಕೆಂಬುದು ವಠಾರದ ಹಳೆಯ ನಿಯಮ.