ಅಂಗನವಾಡಿಯ ಖರ್ಚು ದಂಡವಲ್ಲ

ತೆಲಂಗಾಣದ ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡ: ಎಲ್ಲಿ ಅಂಗನವಾಡಿಗೆ ಹೆಚ್ಚು ಹಣ ಕೊಡಿ ಎಂದರೂ ನಾಲ್ಕು ಆಕ್ಷೇಪ ಎದುರಾಗುತ್ತವೆ. ನಾಲ್ಕಕ್ಕೂ ಉತ್ತರವಿದೆ.

‘ತತ್ತಿ ತಿನಿಸಿ ಮಲಗಿಸುವ ಜಾಗಕ್ಕೆ ಇಷ್ಟು ಖರ್ಚೇ?’
1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗಲೇ ಶಾಲಾಪೂರ್ವ ಶಿಕ್ಷಣ ಅದರ ಭಾಗವಾಗಿತ್ತು. ಊಟ, ತೂಕ, ರಿಜಿಸ್ಟರು ಎಲ್ಲವನ್ನೂ ಒಬ್ಬ ಟೀಚರ್ ನೋಡಿಕೊಂಡರೆ ಪಾಠಕ್ಕೆ ಹೊತ್ತೆಲ್ಲಿ? ತಮಿಳುನಾಡಿನ 320 ಕೇಂದ್ರಗಳ ಅಧ್ಯಯನದಲ್ಲಿ, ಅರ್ಧ ದಿನದ ಕಾರ್ಯಕರ್ತೆಯೊಬ್ಬರನ್ನು ಹೆಚ್ಚಿಗೆ ನೇಮಿಸಿದ ಕಡೆ ಪಾಠದ ಹೊತ್ತು ಇಮ್ಮಡಿಯಾಯಿತು. ಭಾಷೆ, ಲೆಕ್ಕ ಎರಡರಲ್ಲೂ ಮಕ್ಕಳು ಮುಂದೆ ಬಂದರು; ಅಪೌಷ್ಟಿಕತೆಯೂ ತಗ್ಗಿತು.

‘ಇದೆಲ್ಲ ಶ್ರೀಮಂತ ದೇಶದ ಲೆಕ್ಕ.’
ಜಮೈಕಾ ಶ್ರೀಮಂತ ದೇಶವಲ್ಲ. ಅಲ್ಲಿ ಬೆಳವಣಿಗೆ ಕುಂಠಿತವಾದ ಬಡ ಕೂಸುಗಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರವಾರವೂ ಹೋಗಿ, ಮಗುವನ್ನು ಆಡಿಸುವುದು, ಮಾತಾಡಿಸುವುದು ಹೇಗೆಂದು ತಾಯಂದಿರಿಗೆ ತೋರಿಸಿದರು. ಇಪ್ಪತ್ತು ವರ್ಷಗಳ ಮೇಲೆ ಆ ಮಕ್ಕಳ ಗಳಿಕೆ, ಅಂಥ ನೆರವು ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು.

‘ಕಲಿತದ್ದು ಎರಡನೇ ತರಗತಿಗೆ ಮರೆತುಹೋಗುತ್ತದೆ.’
ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ 1962ರಲ್ಲಿ ಶುರುವಾದ ಪೆರ್ರಿ ಶಿಶುಶಾಲೆಯ ಅಧ್ಯಯನದಲ್ಲಿ 123 ಮಕ್ಕಳಿದ್ದರು. ಶಾಲೆಗೆ ಹೋದವರ ಬುದ್ಧಿಮಟ್ಟದ ಅಂಕಗಳ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತನೇ ವಯಸ್ಸಿನಲ್ಲಿ ಅವರ ಗಳಿಕೆ ಉಳಿದವರಿಗಿಂತ ಹೆಚ್ಚು, ಪೊಲೀಸ್ ಬಂಧನಗಳು ಕಡಿಮೆ. ಟೆನೆಸ್ಸಿ ರಾಜ್ಯದ ಶಿಶುಶಾಲೆಗಳಿಗೆ ಹೋದವರು ಆರನೇ ತರಗತಿಯಲ್ಲಿ ಹಿಂದೆ ಬಿದ್ದದ್ದೂ ನಿಜ. ಗುಣಮಟ್ಟ ಕಾಯಬೇಕೆಂಬುದಕ್ಕೆ ಅದು ಎಚ್ಚರಿಕೆ. ಬಾಗಿಲು ಮುಚ್ಚಲು ನೆಪವಲ್ಲ.

‘ಮೊದಲು ಹೈಸ್ಕೂಲು ಸರಿಮಾಡಿ.’
ಮೊಳಕೆ ಬಾಡಿದ ಮೇಲೆ ತೊಗರಿಗೆ ಗೊಬ್ಬರ ಹಾಕಿ ಫಲವೇನು? ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಪೆರ್ರಿಯ ಹೂಡಿಕೆಗೆ ವರ್ಷಕ್ಕೆ ಶೇ. 7ರಿಂದ 10ರಷ್ಟು ಪ್ರತಿಫಲ ಲೆಕ್ಕಹಾಕಿದ್ದಾರೆ. ಗಡಿಯ ಕನ್ನಡ ಮನೆಗಳ ಮಕ್ಕಳಿಗಂತೂ ಈ ವಯಸ್ಸು ಇನ್ನೂ ಮುಖ್ಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಒಂದನೇ ತರಗತಿಯಲ್ಲಿ ಅಕ್ಷರವೂ ಹೊಸದು, ಮಾತೂ ಹೊಸದು. ಮೂರನೇ ವರ್ಷದಿಂದಲೇ ಮನೆಮಾತಿನ ಹಾಡು, ಕಥೆ ಕೇಳುತ್ತ ಬೆಳೆದರೆ ಎರಡನೆಯ ನುಡಿಯೂ ಹಗುರಾಗುತ್ತದೆ.

ಆರು ವರ್ಷದವರೆಗಿನ ಮಕ್ಕಳ ಪಾಲನೆ, ಶಿಕ್ಷಣಕ್ಕೆ ಸರ್ಕಾರ ಶ್ರಮಿಸಬೇಕೆಂದು 2002ರ ತಿದ್ದುಪಡಿಯ ನಂತರ ಸಂವಿಧಾನದ 45ನೇ ವಿಧಿಯೇ ಹೇಳುತ್ತದೆ. ಆದ್ದರಿಂದ ಕೇಂದ್ರಕ್ಕೊಬ್ಬ ಎರಡನೇ ಟೀಚರ್ ಕೊಡಿ. ಕನ್ನಡದ ಊರುಗಳಿಗೆ ಕನ್ನಡ ಬಲ್ಲವರನ್ನು ಕೊಡಿ. ಮಕ್ಕಳ ಮೂರನೇ ವರ್ಷ ಮುಂದಿನ ಬಜೆಟ್ಟಿಗಾಗಿ ಕಾಯುವುದಿಲ್ಲ.